ನೆಗೆಮಂಚ ಮನೆಗೆ ಬರಬೇಕೆ?

ಮಂಚವೆಂಬುದು ಮಲಗುವುದಕ್ಕಾಗಿಯೇ ಇರುವ ವಸ್ತುವೆಂದು ಯಾರಾದರೂ ಹೇಳಿದರೆ, ಅವರ ಮನೆಯಲ್ಲಿ ನಾಲ್ಕು ವರ್ಷದ ಮಗುವಿಲ್ಲವೆಂದು ಧಾರಾಳವಾಗಿ ಊಹಿಸಬಹುದು. ಮಗುವಿನ ಪಾಲಿಗೆ ಮಂಚವು ರಂಗಸ್ಥಳ. ಹಾಸಿಗೆಯೊಳಗಿನ ಸ್ಪ್ರಿಂಗುಗಳು ಪಕ್ಕವಾದ್ಯ. ದಿಂಬುಗಳು ಟಿಕೀಟು ಕೊಂಡು ಬಂದ ಪ್ರೇಕ್ಷಕರು. ಬೆಳಗ್ಗೆ ಹಲ್ಲುಜ್ಜುವ ಮೊದಲು ಒಂದು ಪ್ರದರ್ಶನ, ಸಂಜೆ ಹಾಲು ಕುಡಿದಮೇಲೆ ಇನ್ನೊಂದು, ರಾತ್ರಿ ದೀಪವಾರಿಸುವ ವೇಳೆಗೆ ಎಲ್ಲಕ್ಕಿಂತ ದೀರ್ಘವಾದ ಮತ್ತೊಂದು. ಹೆತ್ತವರು ಗದರಿಸುವರು, ಪ್ರದರ್ಶನ ಐದು ನಿಮಿಷ ನಿಲ್ಲುವುದು, ಅವರು ಅಡಿಗೆಮನೆಯತ್ತ ತಿರುಗಿದೊಡನೆ ಮಂಚದ ಕಾಲುಗಳು ಮತ್ತೆ ಕಿರುಗುಟ್ಟುವುವು.

ಬೆಂಗಳೂರಿನ ಜಯನಗರದಲ್ಲಿ ಇಂತಹ ಒಂದು ಸಂಸಾರವುಂಟು. ಮೂರಂತಸ್ತಿನ ಕಟ್ಟಡವೊಂದರ ಎರಡನೆಯ ಅಂತಸ್ತಿನಲ್ಲಿ ಎರಡು ಕೋಣೆ, ಒಂದು ನಡುಮನೆ, ಸೀರೆಯೊಂದನ್ನು ಮಡಿಸಿ ಒಣಹಾಕುವಷ್ಟು ಉದ್ದದ ಬಾಲ್ಕನಿ. ಗಂಡಹೆಂಡಿರಿಬ್ಬರೂ ಉದ್ಯೋಗಸ್ಥರು. ಗಂಡನ ತಾಯಿ ಜತೆಯಲ್ಲಿದ್ದಾರೆ. ಒಬ್ಬಳೇ ಮಗಳು, ಬರುವ ತಿಂಗಳು ನಾಲ್ಕು ತುಂಬುತ್ತದೆ. ಕೆಳಗಿನ ಅಂತಸ್ತಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಅವರ ಪತ್ನಿಗೆ ಬಹುಕಾಲದ ಕಾಯಿಲೆ. ರಾತ್ರಿ ನಿದ್ದೆ ಬಾರದು, ಹಗಲಿನಲ್ಲಿ ಬಂದಷ್ಟು ಬಂತು. ಮೇಲಿನ ಮನೆಯ ಪುಟ್ಟ ಪಾದಗಳು ಮಂಚದಿಂದ ನೆಲಕ್ಕೆ ಧುಮುಕಿದಾಗಲೆಲ್ಲ ಕೆಳಮನೆಯ ಸೂರು ನಡುಗುತ್ತಿತ್ತು. ಆ ವೃದ್ಧರು ಎರಡು ತಿಂಗಳು ತಾಳಿಕೊಂಡರು. ಒಂದು ದಿನ ಮೆಟ್ಟಿಲಲ್ಲಿ ಎದುರಾದಾಗ, ಮಗುವಿನ ಗಲ್ಲ ಹಿಡಿದು, "ಏನಮ್ಮ, ನಮ್ಮ ಮನೆಯ ಮೇಲೆ ಆನೆಯೊಂದನ್ನು ಸಾಕಿದ್ದೀಯಂತೆ!" ಎಂದರು. ಅಷ್ಟೆ. ಜಗಳವಾಡಿದ್ದರೆ ಎರಡು ಮಾತು ಹಿಂದಿರುಗಿಸಿ ನಿಶ್ಚಿಂತರಾಗಬಹುದಿತ್ತು. ನಗುತ್ತ ಆಡಿದ ಮಾತಿಗೆ ಉತ್ತರವೆಲ್ಲಿದೆ?

ಅಂದಿನ ರಾತ್ರಿಯೇ ಆ ಮನೆಯಲ್ಲಿ ಟ್ರಾಂಪೊಲಿನ್ನಿನ ಮಾತು ಹುಟ್ಟಿತು.

ಆ ವಸ್ತುವನ್ನು ಕಾಣದವರು ಈಗ ವಿರಳ. ಉಕ್ಕಿನ ದುಂಡನೆಯ ಚೌಕಟ್ಟು, ಅದರ ಸುತ್ತ ಬಿಗಿದ ಸ್ಪ್ರಿಂಗುಗಳು, ನಡುವೆ ಚರ್ಮವಾದ್ಯದಂತೆ ಸೆಟೆದುನಿಂತ ಕಪ್ಪು ಬಟ್ಟೆ. ಮೇಲೆ ನಿಂತು ಕಾಲೊತ್ತಿದರೆ ಬಟ್ಟೆ ತಗ್ಗುತ್ತದೆ. ಮರುಕ್ಷಣ ನಿಂತವರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲವೆಂದು ಆ ಮನೆಯ ಅಜ್ಜಿ ಅದನ್ನು ನೆಗೆಮಂಚವೆಂದು ಕರೆದರು. ಪಂಡಿತರ ಪಾರಿಭಾಷಿಕ ಪದಕೋಶಗಳಲ್ಲಿಯೂ ಇಷ್ಟು ಸುಲಭವಾದ ಮಾತು ಮೇಲಿಂದ ಮೇಲೆ ದೊರೆಯುವುದಿಲ್ಲ. ಅದನ್ನೇ ಇಲ್ಲಿ ಬಳಸಲು ಅಡ್ಡಿಯಿಲ್ಲ.

ತಾಯಿಯ ಪಕ್ಷ ಸ್ಪಷ್ಟವಾಗಿತ್ತು. ಮಗಳು ನೆಗೆಯುವುದು ನಿಲ್ಲದು. ಮಂಚ ಮುರಿಯುವುದು ನಿಶ್ಚಯ. ನೆಗೆಮಂಚವೊಂದು ಬಂದರೆ ಸದ್ದೂ ತಗ್ಗುವುದು, ವ್ಯಾಯಾಮವೂ ಆಗುವುದು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಸೂಚನೆಯನ್ನು ಆಕೆ ಓದಿದ್ದಳು: ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ೧೮೦ ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಮೈಯಾಡಿಸುತ್ತಿರಬೇಕು, ಅದರಲ್ಲಿ ೬೦ ನಿಮಿಷವಾದರೂ ಏದುಸಿರು ಬರುವಂತಹ ಆಟವಾಗಿರಬೇಕು. ಮೂರು ಗಂಟೆ! ಎರಡು ಕೋಣೆಯ ಮನೆಯಲ್ಲಿ ಮೂರು ಗಂಟೆಯ ಓಡಾಟವನ್ನು ಎಲ್ಲಿಂದ ತರುವುದು? ಮೈದಾನವು ಎರಡು ರಸ್ತೆಗಳಾಚೆ. ನಡುವೆ ವಾಹನಗಳ ಪ್ರವಾಹ. ಮಗುವನ್ನು ಕೈಹಿಡಿದು ಕರೆದೊಯ್ಯಬೇಕಾದವರು ಕಚೇರಿಯಿಂದ ಮರಳುವುದು ಕತ್ತಲಾದ ಮೇಲೆ. ಇದಲ್ಲದೆ ಆಕೆಯ ಮನಸ್ಸಿನಲ್ಲಿ ಇನ್ನೊಂದು ಮಾತಿತ್ತು. ತಾನು ಹುಡುಗಿಯಾಗಿದ್ದಾಗ ಮರ ಹತ್ತಬೇಡ, ಕಟ್ಟೆಯಿಂದ ಹಾರಬೇಡ, ಸೈಕಲ್ಲು ತುಳಿಯಬೇಡ ಎಂಬ ಬೇಡಗಳ ಸಾಲಿನಲ್ಲಿಯೇ ಬೆಳೆದವಳು. ಮಗಳ ಕಿವಿಯ ಮೇಲೆ ಆ ಪದ ಅಷ್ಟು ಸಲ ಬೀಳಬಾರದೆಂಬುದು ಆಕೆಯ ಹಟ.

ತಂದೆ ಪ್ರತಿಪಕ್ಷ. ಆದರೆ ಆತನ ಪ್ರತಿಭಟನೆಗೆ ಭಯವನ್ನುಳಿದು ಬೇರೆ ಆಧಾರವಿರಲಿಲ್ಲ. ಆಧಾರವಿಲ್ಲದ ಭಯವನ್ನು ಹೆಂಡತಿಯ ಮುಂದಿಡುವುದು ಗಂಡಸಿಗೆ ಕಷ್ಟ. ಆದುದರಿಂದ ಆತ ಓದಲು ಕುಳಿತ. ಓದಿದಂತೆಲ್ಲ ಆ ವಸ್ತುವಿನ ಚರಿತ್ರೆಯೇ ಒಂದು ಕಥೆಯಂತೆ ತೆರೆದುಕೊಂಡಿತು.

ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಜಾರ್ಜ್ ನಿಸೆನ್ ಎಂಬ ಅಂಗಸಾಧಕ ತರುಣನೊಬ್ಬನಿದ್ದ. ಸರ್ಕಸ್ಸಿನ ತೂಗುಯ್ಯಾಲೆಯ ಆಟಗಾರರು ಕೊನೆಯಲ್ಲಿ ಕೆಳಗಿನ ರಕ್ಷಣೆಯ ಬಲೆಗೆ ಬಿದ್ದು, ಬಿದ್ದವರು ಚೆಂಡಿನಂತೆ ಪುಟಿದೇಳುವುದನ್ನು ಆತ ಚಿಕ್ಕಂದಿನಲ್ಲಿ ಕಂಡಿದ್ದ. ಉಳಿದ ಪ್ರೇಕ್ಷಕರು ಉಯ್ಯಾಲೆಯನ್ನು ಮೆಚ್ಚಿ ಮನೆಗೆ ಹೋದರು. ಈ ಹುಡುಗ ಬಲೆಯನ್ನು ಮೆಚ್ಚಿ ಮನೆಗೆ ಬಂದ. ೧೯೩೪ರಲ್ಲಿ, ತರಬೇತುದಾರ ಲ್ಯಾರಿ ಗ್ರಿಸ್‌ವೋಲ್ಡನ ಜತೆಗೂಡಿ, ಕಬ್ಬಿಣದ ಚೌಕಟ್ಟಿಗೆ ಕ್ಯಾನ್‌ವಾಸ್ ಬಟ್ಟೆ ಬಿಗಿದು ಮೊದಲ ನೆಗೆಮಂಚವನ್ನು ಸಿದ್ಧಗೊಳಿಸಿದ. ಬಳಿಕ ೧೯೩೭ರಲ್ಲಿ ಮೆಕ್ಸಿಕೋ ದೇಶದಲ್ಲಿ ಪ್ರದರ್ಶನ ನೀಡುತ್ತಿದ್ದಾಗ, ಕೊಳಕ್ಕೆ ಧುಮುಕುವ ಹಲಗೆಗೆ ಅಲ್ಲಿನ ಸ್ಪ್ಯಾನಿಷ್ ಭಾಷೆಯಲ್ಲಿರುವ ಹೆಸರು ಕಿವಿಗೆ ಬಿತ್ತು. ಅದನ್ನೇ ಕೊಂಚ ತಿದ್ದಿ ತನ್ನ ಸರಕಿನ ವ್ಯಾಪಾರನಾಮವಾಗಿ ಮಾಡಿಕೊಂಡ. ಕಾಲಕ್ರಮದಲ್ಲಿ ಆ ಹೆಸರು ಅವನ ಸ್ವತ್ತಾಗಿ ಉಳಿಯದೆ ಲೋಕದ ಮಾತಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದವರು ವಿಮಾನಚಾಲಕರಿಗೆ ಇದರ ಮೇಲೆ ಅಭ್ಯಾಸ ಮಾಡಿಸಿದರು: ಆಕಾಶದಲ್ಲಿ ತಲೆ ಕೆಳಗಾದರೂ ದಿಕ್ಕು ತಪ್ಪದಿರಲೆಂದು. ೧೯೬೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇದರ ಮೊದಲ ವಿಶ್ವ ಸ್ಪರ್ಧೆ. ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಮೊದಲ ಪ್ರವೇಶ. ಅಂದು ೮೬ ವರ್ಷದ ವೃದ್ಧನಾಗಿದ್ದ ನಿಸೆನ್ ಅಲ್ಲಿಗೆ ಹೋಗಿ ಅದನ್ನು ಕಣ್ಣಾರೆ ಕಂಡ. ಮುಂದೆ ಹತ್ತು ವರ್ಷ ಬದುಕಿದ್ದು ೨೦೧೦ರಲ್ಲಿ ತೀರಿಕೊಂಡ.

ಇಷ್ಟನ್ನೂ ತಂದೆ ಉತ್ಸಾಹದಿಂದಲೇ ಓದಿದ. ನಿಸೆನ್ನನ ಒಂದು ಛಾಯಾಚಿತ್ರ ಜಗತ್ಪ್ರಸಿದ್ಧ. ೧೯೬೦ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ತೆಗೆದುದು. ಅದರಲ್ಲಿ ಆತನೂ ಒಂದು ಕಾಂಗರೂ ಪ್ರಾಣಿಯೂ ಎದುರುಬದುರಾಗಿ ಆಕಾಶದಲ್ಲಿ ತೇಲುತ್ತಿದ್ದಾರೆ. ತಾಯಿ ಆ ಚಿತ್ರವನ್ನು ಮಗಳಿಗೆ ತೋರಿಸಿದಳು. ಅದು ತಂತ್ರದ ದೃಷ್ಟಿಯಿಂದ ದೊಡ್ಡ ತಪ್ಪಾಯಿತು. ಮಗು ಅಂದಿನಿಂದ ಮಂಚದ ಮೇಲೆ ಕಾಂಗರೂವಾಗಿಯೇ ನೆಗೆಯತೊಡಗಿತು.

ಚರಿತ್ರೆಯ ಮುಂದಿನ ಪುಟಗಳು ಅಷ್ಟು ಉಲ್ಲಾಸದವಲ್ಲ. ೧೯೭೭ರಲ್ಲಿಯೇ ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಶಾಲೆಗಳ ವ್ಯಾಯಾಮಶಿಕ್ಷಣದಿಂದ ನೆಗೆಮಂಚವನ್ನು ತೆಗೆದುಹಾಕಬೇಕೆಂದು ಹೇಳಿತು. ೧೯೯೯ರಲ್ಲಿ, ಮನೆಗಳಲ್ಲಿ ಇದು ಇರಲೇಬಾರದೆಂದಿತು. ೨೦೧೨ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಮನೆಯ ವಿನೋದಕ್ಕಾಗಿ ಇದನ್ನು ಬಳಸುವುದು ಬೇಡವೆಂಬ ತನ್ನ ಮಾತನ್ನೇ ಪುನಃ ಒತ್ತಿಹೇಳಿತು. ಮೂಳೆರೋಗದ ವೈದ್ಯರಾದರೋ ಆರು ವರ್ಷದೊಳಗಿನ ಮಕ್ಕಳನ್ನು ಇದರ ಮೇಲೆ ಬಿಡಲೇಬಾರದೆನ್ನುತ್ತಾರೆ.

ಇದನ್ನು ಓದಿದೊಡನೆ ತಂದೆ ಗೆದ್ದೆನೆಂದುಕೊಂಡ. ಆದರೆ ಹೆಂಡತಿ ಸುಲಭವಾಗಿ ಸೋಲುವವಳಲ್ಲ. "ವೈದ್ಯರು ಬೇಡವೆಂದುದನ್ನೆಲ್ಲ ಬಿಟ್ಟರೆ ಸೈಕಲ್ಲೂ ಬೇಡ, ಜಾರುಬಂಡೆಯೂ ಬೇಡ, ಮೆಟ್ಟಿಲೂ ಬೇಡ. ಬೀಳದೆ ಬೆಳೆದ ಮಗು ಎಲ್ಲಿದೆ? ಸುತ್ತಲೂ ಬಲೆ ಕಟ್ಟಿದ ನೆಗೆಮಂಚಗಳಿವೆ. ಬೀಳುವ ಪ್ರಶ್ನೆಯೇ ಇಲ್ಲ" ಎಂದಳು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಗುವಿನ ಮೊಣಕಾಲು ತರಚದಂತೆ ನೋಡಿಕೊಳ್ಳುವುದೇ ಪಾಲನೆಯೆಂದು ಭಾವಿಸುವ ತಾಯ್ತಂದೆಗಳು ಮಗುವಿಗೆ ಉಪಕಾರ ಮಾಡುತ್ತಿಲ್ಲ. ಅಪಾಯವಿದೆಯೆಂಬುದಷ್ಟೇ ಒಂದು ವಸ್ತುವನ್ನು ಬಿಡಲು ಸಾಕಾದ ಕಾರಣವಲ್ಲ. ಅಪಾಯ ಎಂತಹುದು, ಎಲ್ಲಿ ಅಡಗಿದೆ, ಮನೆಯವರಿಗೆ ಅದನ್ನು ಹಿಡಿದಿಡಲು ಸಾಧ್ಯವೇ ಎಂಬುದನ್ನು ನೋಡಬೇಕು. ತಂದೆ ಆ ವೈದ್ಯರ ವರದಿಯನ್ನು ಮತ್ತೆ ಮೊದಲಿನಿಂದ ಓದಿದ. ಈ ಸಲ ಅವನ ಕಣ್ಣಿಗೆ ಬಿದ್ದುದೇ ಬೇರೆ.

ನೆಗೆಮಂಚದ ಗಾಯಗಳೆಂದರೆ ಮಕ್ಕಳು ಅಂಚಿನಿಂದ ಹೊರಕ್ಕೆ ಬೀಳುವುದೆಂದು ಎಲ್ಲರೂ ತಿಳಿದಿರುತ್ತಾರೆ. ಬೀಳುವುದೂ ಉಂಟು, ಗಾಯಗಳಲ್ಲಿ ಶೇಕಡ ೨೭ರಿಂದ ೩೯ರಷ್ಟು ಹಾಗೆ ಆದವು. ಆದರೆ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಒಬ್ಬರಿಗಿಂತ ಹೆಚ್ಚು ಮಂದಿ ಒಟ್ಟಿಗೆ ನೆಗೆಯುವಾಗ. ಹಾಗೆ ಒಟ್ಟಿಗೆ ನೆಗೆದವರಲ್ಲಿ ಎಲ್ಲರಿಗಿಂತ ಹಗುರಾದ ಮಗುವಿಗೆ ಪೆಟ್ಟು ಬೀಳುವ ಸಂಭವ, ಭಾರವಾದವರಿಗಿರುವುದಕ್ಕಿಂತ ೧೪ ಪಟ್ಟಿನವರೆಗೂ ಹೆಚ್ಚು. ಸುತ್ತ ಕಟ್ಟಿದ ಬಲೆ ಹೊರಗೆ ಬೀಳುವುದನ್ನು ತಡೆದೀತು; ಒಳಗೆ ನಡೆಯುವುದನ್ನು ತಡೆಯಲು ಅದರಿಂದಾಗದು. ಬಲೆ ಬಂದ ಮೇಲೆ ಒಟ್ಟು ಗಾಯಗಳು ಗಣನೀಯವಾಗಿ ಇಳಿದವೆಂದು ಹೇಳಲು ವೈದ್ಯರಿಗೆ ಆಧಾರ ಸಿಕ್ಕಿಲ್ಲ.

ಹೀಗೇಕೆಂಬುದನ್ನು ತಿಳಿಯಲು ದೊಡ್ಡ ವಿಜ್ಞಾನ ಬೇಡ. ತಕ್ಕಡಿಯ ಲೆಕ್ಕ ಸಾಕು. ನೆಗೆಯುವವರು ಕೆಳಗಿಳಿದಾಗ ಅವರ ಶಕ್ತಿಯೆಲ್ಲ ಸ್ಪ್ರಿಂಗುಗಳಲ್ಲಿ ಠೇವಣಿಯಾಗುತ್ತದೆ. ಒಬ್ಬರೇ ಇದ್ದರೆ ಇಟ್ಟವರ ಠೇವಣಿ ಇಟ್ಟವರಿಗೇ ಹಿಂದಿರುಗುತ್ತದೆ. ಇಬ್ಬರಿದ್ದರೆ, ಒಬ್ಬರು ಇಟ್ಟ ಹಣವನ್ನು ಇನ್ನೊಬ್ಬರು ಪಡೆಯುವ ಸಂಭವ ಒದಗುತ್ತದೆ. ಒಂಬತ್ತು ವರ್ಷದ ಹುಡುಗನ ತೂಕ ೨೮ ಕಿಲೋ, ನಾಲ್ಕು ವರ್ಷದ ಹುಡುಗಿಯ ತೂಕ ೧೬ ಕಿಲೋ ಎಂದಿಟ್ಟುಕೊಳ್ಳೋಣ. ಹುಡುಗ ೪೦ ಸೆಂಟಿಮೀಟರ್ ಎತ್ತರದಿಂದ ಇಳಿದು ಕೂಡಿಟ್ಟ ಶಕ್ತಿಯೆಲ್ಲವೂ ಹುಡುಗಿಗೆ ಸಂದರೆ ಆಕೆ ೭೦ ಸೆಂಟಿಮೀಟರ್ ಮೇಲಕ್ಕೆ ಹಾರಬೇಕಾಗುತ್ತದೆ. ಎಂದರೆ ತನ್ನ ಎತ್ತರದ ಮುಕ್ಕಾಲಿಗೆ ಸಮೀಪ. ಎಲ್ಲವೂ ಸಲ್ಲುವುದಿಲ್ಲ, ನಿಜ. ಆದರೆ ಅರ್ಧ ಸಂದರೂ ಅದು ಆಕೆಯ ಸ್ವಂತ ನೆಗೆತವಲ್ಲ, ಎಸೆತ. ಇದಕ್ಕಿಂತಲೂ ಕೆಟ್ಟುದು ಇನ್ನೊಂದಿದೆ. ಭಾರವಾದವನು ಮೇಲಕ್ಕೇರುವ ಕ್ಷಣದಲ್ಲಿಯೇ ಹಗುರಾದವಳು ಕೆಳಗಿಳಿದರೆ, ಮೆತ್ತಗೆ ತಗ್ಗಬೇಕಾದ ಬಟ್ಟೆ ರಭಸದಿಂದ ಮೇಲೆದ್ದು ಬಂದು ಆಕೆಯ ಪಾದಗಳನ್ನು ಎದುರುಗೊಳ್ಳುತ್ತದೆ. ಹತ್ತಿಯ ಮೇಲೆ ಇಳಿದೆನೆಂದುಕೊಂಡ ಮಗು ಕಲ್ಲಿನ ಮೇಲೆ ಇಳಿದಂತಾಗುತ್ತದೆ. ಆಗ ಮೊಣಕಾಲಿನ ಕೆಳಗೆ, ಎಳೆಯ ಮೂಳೆ ಬೆಳೆಯುತ್ತಿರುವ ಭಾಗದ ಬಳಿಯಲ್ಲಿಯೇ, ಅದು ಸಣ್ಣಗೆ ಸೀಳುತ್ತದೆ ಅಥವಾ ಮುದುಡುತ್ತದೆ. ಊತ ಹೆಚ್ಚು ಕಾಣುವುದಿಲ್ಲ. ಕ್ಷಕಿರಣದ ಚಿತ್ರದಲ್ಲಿಯೂ ಕೆಲವೊಮ್ಮೆ ತಪ್ಪಿಹೋಗುವಷ್ಟು ಸಣ್ಣ ಗೆರೆ. ಮಗು ಬಿದ್ದಿಲ್ಲ, ರಕ್ತ ಬಂದಿಲ್ಲ. ಸುಮ್ಮನೆ ಆ ಕಾಲನ್ನು ನೆಲಕ್ಕೂರಲು ಒಲ್ಲೆನೆನ್ನುತ್ತದೆ. ಮನೆಯವರು ಹಟವೆಂದು ಗದರಿಸುತ್ತಾರೆ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಎಷ್ಟು ಪರಿಚಿತವೆಂದರೆ ವೈದ್ಯರು ಅದನ್ನು ನೆಗೆಮಂಚದ ಮುರಿತವೆಂದೇ ಕರೆಯುವುದುಂಟು.

ನೆಗೆಯುವುದನ್ನೇ ಜೀವನದ ಕಸುಬಾಗಿಸಿಕೊಂಡವರು ಈ ವಿಷಯದಲ್ಲಿ ಏನು ಮಾಡುತ್ತಾರೆಂಬುದು ಗಮನಾರ್ಹ. ವಿಶ್ವ ಸ್ಪರ್ಧೆಗಳಲ್ಲಿ ಜೋಡಿಯಾಗಿ ನೆಗೆಯುವ ವಿಭಾಗವೊಂದುಂಟು. ಇಬ್ಬರು ಒಂದೇ ತಾಳಕ್ಕೆ ಮೇಲೇರಿ, ಒಂದೇ ಲಾಗ ಹಾಕಿ, ಒಂದೇ ಕ್ಷಣದಲ್ಲಿ ಇಳಿಯಬೇಕು. ಹತ್ತಾರು ವರ್ಷ ಪಳಗಿದ ಆ ಜೋಡಿಗೂ ಕೊಡುವುದು ಒಂದು ನೆಗೆಮಂಚವನ್ನಲ್ಲ, ಅಕ್ಕಪಕ್ಕದಲ್ಲಿ ಎರಡನ್ನು. ಕಾಂಗರೂವಿನೊಡನೆ ನೆಗೆದ ನಿಸೆನ್ ಮಹಾಶಯನೊಬ್ಬನೇ ಈ ನಿಯಮವನ್ನು ಮುರಿದಂತೆ ಕಾಣುತ್ತದೆ. ಮಂಚವನ್ನು ಸೃಷ್ಟಿಸಿದವನಿಗೆ ಅಷ್ಟು ವಿನಾಯಿತಿ ಇರಲಿ.

ಒಂದು ಭಾನುವಾರ ಇಡೀ ಸಂಸಾರವೇ ಅಂಗಡಿಗೆ ಹೋಯಿತು. ಮಾರುವವನು ಮಾತುಗಾರ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದವರೇ ಇದರ ಮೇಲಿನ ವ್ಯಾಯಾಮ ಓಟಕ್ಕಿಂತ ಮೇಲೆಂದು ಸಾಧಿಸಿದ್ದಾರೆಂದು ಹೇಳಿದ. ಇದು ಪೂರ್ತಿ ಸುಳ್ಳಲ್ಲ. ೧೯೮೦ರಲ್ಲಿ ಪ್ರಕಟವಾದ ಅಂತಹ ಒಂದು ಪ್ರಯೋಗ ಉಂಟು. ಓಡುವಾಗ ಹಿಮ್ಮಡಿಯ ಗಂಟಿಗೆ ಬೀಳುವ ಹೊಡೆತ ನೆಗೆಮಂಚದ ಮೇಲೆ ಬೀಳದೆ ಮೈಗೆಲ್ಲ ಸಮನಾಗಿ ಹಂಚಿಹೋಗುತ್ತದೆಂದು ಅದರಲ್ಲಿ ಕಂಡುಬಂದಿತು. ಆದರೆ ಪ್ರಯೋಗಕ್ಕೆ ನಿಂತವರು ಪ್ರಾಯದವರು. ಅಳತೆಯ ಉಪಕರಣಗಳನ್ನು ಕಟ್ಟಿಕೊಂಡು ಒಬ್ಬೊಬ್ಬರಾಗಿ ನೆಗೆದವರು. ನಾಲ್ಕು ವರ್ಷದ ಮಗುವಿಗೂ ಅದಕ್ಕೂ ಸಂಬಂಧ ಕಲ್ಪಿಸುವುದು ಮಾರಾಟಗಾರನ ಕವಿತ್ವ. ಪೆಟ್ಟಿಗೆಯ ಮುಖದ ಮೇಲೆ ಮೂವರು ಮಕ್ಕಳು ಕೈಕೈ ಹಿಡಿದು ಗಾಳಿಯಲ್ಲಿ ನಗುತ್ತಿದ್ದರು. ಅದೇ ಪೆಟ್ಟಿಗೆಯ ಅಡಿಭಾಗದಲ್ಲಿ, ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ, ಒಮ್ಮೆಗೆ ಒಬ್ಬರು ಮಾತ್ರವೆಂದು ಬರೆದಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದರು, ಏನೂ ಹೇಳಲಿಲ್ಲ.

ಎಲ್ಲಿಡುವುದೆಂಬುದು ಮುಂದಿನ ಪ್ರಶ್ನೆ. ದೊಡ್ಡದು ನಡುಮನೆಗೆ ಹಿಡಿಸದು. ಮೇಲಿನ ಬಿಸಿಲುಮಚ್ಚಿನಲ್ಲಿ ಹಾಕೋಣವೆಂದು ತಾಯಿ ಸೂಚಿಸಿದಳು. ತಂದೆ ಮಚ್ಚಿನ ಮೇಲೆ ಹೋಗಿ ಟೇಪು ಹಿಡಿದ. ಸುತ್ತಲ ಕೈಪಿಡಿಗೋಡೆ ಮೂರೂವರೆ ಅಡಿ. ದೊಡ್ಡ ನೆಗೆಮಂಚದ ಬಟ್ಟೆಯೇ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಅದರ ಮೇಲೆ ನಿಂತ ಮಗುವಿಗೆ ಗೋಡೆ ಉಳಿಯುವುದು ಒಂದಡಿ ಮಾತ್ರ. ಮೂರು ಅಂತಸ್ತಿನ ಎತ್ತರದಲ್ಲಿ ಒಂದಡಿ ಗೋಡೆ! ಬಲೆಯಿದೆ, ನಿಜ, ಬೆಂಗಳೂರಿನ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದ ಬಲೆಯನ್ನು ನಂಬಿ ಅಲ್ಲಿ ಮಗುವನ್ನು ಬಿಡುವವರು ಯಾರು? ಆ ಮಾತು ಅಲ್ಲಿಗೇ ನಿಂತಿತು. ಮೇಲಿನಿಂದ ಇಳಿದು ಬಂದ ಗಂಡನ ಮುಖವನ್ನು ನೋಡಿ ಹೆಂಡತಿ ಮತ್ತೊಮ್ಮೆ ಅದನ್ನೆತ್ತಲಿಲ್ಲ.

ಉಳಿದುದು ಚಿಕ್ಕದು, ನಾಲ್ಕಡಿ ಅಗಲ, ಒಂದಡಿ ಎತ್ತರ, ಹಿಡಿದುಕೊಳ್ಳಲು ಮುಂದೊಂದು ಸರಳು. ನಡುಮನೆಯಲ್ಲಿ ಮೇಜನ್ನು ಗೋಡೆಗೆ ತಳ್ಳಿದರೆ ಸ್ಥಳವಾದೀತು. ಸೂರಿನ ಎತ್ತರ ೧೦ ಅಡಿ. ಆದರೆ ತಿರುಗುವ ಫ್ಯಾನಿನ ರೆಕ್ಕೆ ನೆಲದಿಂದ ೮ ಅಡಿಯ ಮೇಲೆ ಎರಡಂಗುಲ ಮಾತ್ರ. ಮಗಳಿಗೆ ಇದರಿಂದ ಬಾಧಕವಿಲ್ಲ. ಆದರೆ ಒಂಬತ್ತು ವರ್ಷದ ಹುಡುಗನು ಕೈಯೆತ್ತಿ ನಿಂತರೆ ಐದೂವರೆ ಅಡಿ, ನೆಗೆಮಂಚದ್ದು ಒಂದಡಿ, ನೆಗೆತ ಒಂದೂವರೆ ಅಡಿ. ಕೂಡಿದರೆ ಸರಿಯಾಗಿ ಎಂಟು! ಚಿಕ್ಕದರಲ್ಲಿ ಅಪಾಯವೂ ಚಿಕ್ಕದೆಂಬ ನಂಬಿಕೆಗೂ ಪೂರ್ಣ ಆಧಾರವಿಲ್ಲ. ಅಮೆರಿಕದ ಆಸ್ಪತ್ರೆಗಳ ಲೆಕ್ಕವನ್ನು ಹೋಲಿಸಿ ನೋಡಿದವರಿಗೆ, ಚಿಕ್ಕ ನೆಗೆಮಂಚದಿಂದಲೂ ದೊಡ್ಡದರಂತಹವೇ ಗಾಯಗಳು ಕಂಡಿವೆ. ಆರು ವರ್ಷದೊಳಗಿನವರಲ್ಲಿ ವಿಶೇಷವಾಗಿ ತಲೆಯ ಗಾಯ. ಮೇಜಿನ ಅಂಚು, ಬಾಗಿಲ ಚಿಲಕ, ದೂರದರ್ಶನದ ಪೆಟ್ಟಿಗೆ ಎಲ್ಲವೂ ಕೈಗೆಟಕುವಷ್ಟು ದೂರದಲ್ಲಿರುವ ನಡುಮನೆಗಳಲ್ಲಿ ಇದು ಆಶ್ಚರ್ಯವೇನೂ ಅಲ್ಲ.

ಈ ಒಂಬತ್ತು ವರ್ಷದ ಹುಡುಗ ಯಾರೆಂದು ಓದುಗರು ಕೇಳಬಹುದು. ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ವ್ಯಕ್ತಿಯಲ್ಲ. ಆತ ತಾಯಿಯ ಅಣ್ಣನ ಮಗ. ಎರಡು ಬೀದಿಗಳಾಚೆ ಮನೆ. ಭಾನುವಾರವೆಂದರೆ ಹತ್ತು ಗಂಟೆಗೆ ಅತ್ತೆಯ ಮನೆಯಲ್ಲಿ ಹಾಜರು. ಪುಟ್ಟಿಗೆ ಅವನೆಂದರೆ ಪ್ರಾಣ. ವಾರದ ಆರು ದಿನ ಅವಳು ನೆಗೆಯುವುದು ಸ್ವಂತಕ್ಕಾದರೆ, ಏಳನೆಯ ದಿನ ನೆಗೆಯುವುದು ಅವನ ಕಣ್ಣಿಗಾಗಿ.

ನಿರ್ಣಯ ಮಾಡಬೇಕಾಗಿದ್ದ ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ಮಾತಿಗೆ ಕುಳಿತರು. ಚಿಕ್ಕದನ್ನೇ ತರೋಣ, ಫ್ಯಾನು ನಿಲ್ಲಿಸೋಣ, ಒಬ್ಬಳೇ ನೆಗೆಯುವಂತೆ ನೋಡಿಕೊಳ್ಳೋಣ, ನಾವೇ ಎದುರಿಗೆ ಕುಳಿತಿರೋಣ ಎಂದು ತಾಯಿ ಒಂದೊಂದಾಗಿ ಷರತ್ತುಗಳನ್ನು ತಾನೇ ಹಾಕಿಕೊಂಡಳು. ತಂದೆ ಬಹುಮಟ್ಟಿಗೆ ಕರಗಿದ್ದ. ಆಗ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿದರು:

"ಭಾನುವಾರ ನಿನ್ನ ಅಣ್ಣನ ಮಗ ಬರುತ್ತಾನಲ್ಲ, ಅವನನ್ನು ಕೆಳಗೆ ನಿಲ್ಲಿಸುವವರು ಯಾರು?"

ಪ್ರಶ್ನೆ ಸಣ್ಣದು. ಆದರೆ ಅಮೆರಿಕದ ವೈದ್ಯರು ಅಂಕಿಗಳಲ್ಲಿ ಹೇಳಿದುದನ್ನೆಲ್ಲ ಅದು ಜಯನಗರದ ನಡುಮನೆಗೆ ತಂದು ಇಳಿಸಿತು. ನೆಗೆಮಂಚದ ನಿಯಮ ಒಂದೇ: ಒಮ್ಮೆಗೆ ಒಬ್ಬರು. ಆದರೆ ಮಗುವಿಗೆ ಅದರ ಸುಖವಿರುವುದೇ ಇಬ್ಬರು ಕೂಡಿ ನೆಗೆಯುವುದರಲ್ಲಿ. ಬಂದ ಮಗುವಿಗೆ ಬೇಡವೆನ್ನುವ ಅಭ್ಯಾಸ ನಮ್ಮ ಮನೆಗಳಿಗಿಲ್ಲ. ಮಗಳ ಕೈಯಲ್ಲಿರುವ ಉಂಡೆಯನ್ನಾದರೂ ಮುರಿದು ಅರ್ಧ ಕೊಡಿಸುತ್ತೇವೆ. ಹಂಚಿಕೊಂಡು ಆಡಬೇಕು ಕಂದ ಎಂದು ಬೆಳಗಿನಿಂದ ಸಂಜೆಯವರೆಗೆ ಪಾಠ ಹೇಳುತ್ತೇವೆ. ಆ ಪಾಠವನ್ನೆಲ್ಲ ಒಂದು ವಸ್ತುವಿನ ಮುಂದೆ ಮಾತ್ರ ತಿರುಗಿಸಿ ಹೇಳಬೇಕು: ಹಂಚಿಕೊಳ್ಳಬೇಡ, ಅಣ್ಣ ಇಳಿಯಲಿ, ನೀನೊಬ್ಬಳೇ ಏರು. ಒಂದು ಸಲ ಹೇಳಬಹುದು, ಎರಡು ಸಲ ಹೇಳಬಹುದು. ಮೂರನೆಯ ಭಾನುವಾರ ಅಣ್ಣನೂ ಅತ್ತಿಗೆಯೂ ಎದುರಿಗೆ ಕಾಫಿ ಕುಡಿಯುತ್ತಿರುವಾಗ, "ಮಕ್ಕಳು ಆಡಲಿ ಬಿಡು, ಐದೇ ನಿಮಿಷ" ಎಂದು ಅವರೇ ಹೇಳಿದಾಗ, ಏನು ಮಾಡುವುದು?

"ನಾವು ಎದುರಿಗೇ ಇರುತ್ತೇವಲ್ಲ" ಎಂದಳು ತಾಯಿ. ಆದರೆ ಆಕೆಯ ದನಿಯಲ್ಲಿ ಮೊದಲಿನ ಬಿಗಿಯಿರಲಿಲ್ಲ. ತಂದೆ ಆ ವರದಿಯ ಇನ್ನೊಂದು ಸಾಲನ್ನು ಓದಿ ತೋರಿಸಿದ. ಗಾಯಗಳಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಆದುದು ದೊಡ್ಡವರು ನೋಡಿಕೊಳ್ಳುತ್ತಿದ್ದಾಗಲೇ. ಇದರಲ್ಲಿ ದೊಡ್ಡವರ ತಪ್ಪನ್ನು ಹುಡುಕಬೇಕಾಗಿಲ್ಲ; ಸ್ಪ್ರಿಂಗು ಚಿಮ್ಮುವುದು ಕಣ್ಣು ಮಿಟುಕಿಸುವಷ್ಟರಲ್ಲಿ, ಕುರ್ಚಿಯಿಂದ ಏಳುವುದಕ್ಕೇ ಅದರ ಹತ್ತರಷ್ಟು ಹೊತ್ತು ಬೇಕು. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆರು ತುಂಬಲಿ" ಎಂದಳು. ತಂದೆ ಗೆದ್ದೆನೆಂದು ನಗಲಿಲ್ಲ. ನಗದಿದ್ದುದು ಆತನ ದಾಂಪತ್ಯಜೀವನದ ಕೆಲವೇ ವಿವೇಕದ ಕ್ಷಣಗಳಲ್ಲಿ ಒಂದೆನ್ನಬಹುದು.

ಆದರೆ ಬೇಡವೆಂದ ಮಾತ್ರಕ್ಕೆ ನೆಗೆಯುವ ಮಗು ನಿಲ್ಲುತ್ತದೆಯೆ? ಮಂಚ ಅಲ್ಲಿಯೇ ಇತ್ತು, ಮುಖ್ಯೋಪಾಧ್ಯಾಯರ ಸೂರೂ ಅಲ್ಲಿಯೇ ಇತ್ತು. ಮಾರನೆಯ ದಿನ ತಾಯಿ ಅಟ್ಟದ ಮೇಲಿನಿಂದ ತನ್ನ ಮದುವೆಗೆ ತವರಿನವರು ಮಾಡಿಸಿಕೊಟ್ಟಿದ್ದ ಹತ್ತಿಯ ಜೋಡಿ ಹಾಸಿಗೆಗಳನ್ನು ಇಳಿಸಿದಳು. ಸ್ಪ್ರಿಂಗಿನ ಹಾಸಿಗೆ ಬಂದಂದಿನಿಂದ ಅವು ಮೂಟೆಯಾಗಿ ಬಿದ್ದಿದ್ದವು. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ನಡುಮನೆಯ ನೆಲದ ಮೇಲೆ ಒಂದರ ಮೇಲೊಂದು ಹಾಸಿ, ಮೇಜನ್ನು ಕೋಣೆಗೆ ಸಾಗಿಸಿದಳು. ಹತ್ತಿಗೆ ಚಿಮ್ಮುವ ಗುಣವಿಲ್ಲ. ಒಬ್ಬರ ಶಕ್ತಿಯನ್ನು ಕೂಡಿಟ್ಟು ಇನ್ನೊಬ್ಬರಿಗೆ ಕೊಡುವ ಬುದ್ಧಿಯೂ ಇಲ್ಲ. ಕೊಟ್ಟುದನ್ನೆಲ್ಲ ತಾನೇ ನುಂಗಿಕೊಂಡು ಸುಮ್ಮನಿರುತ್ತದೆ. ಮಗು ಅದರ ಮೇಲೆ ಅಂಗೈಯಷ್ಟು ಎತ್ತರಕ್ಕೆ ನೆಗೆಯಿತು. ಮಂಚದಷ್ಟು ಚೆನ್ನಾಗಿಲ್ಲವೆಂದು ಮುಖ ಸಿಂಡರಿಸಿತು. ಅಜ್ಜಿ ಹಾಸಿಗೆಯ ಮೇಲೆ ಬಣ್ಣದ ನೂಲಿನಿಂದ ಕುಂಟೆಬಿಲ್ಲೆಯ ಮನೆಗಳನ್ನು ಹೊಲಿದುಕೊಟ್ಟ ಮೇಲೆ ದೂರು ನಿಂತಿತು.

ತಂದೆ ಅಂದು ಸಂಜೆ ಕೆಳಗಿನ ಮನೆಗೆ ಹೋದ. ಯಾವ ಹೊತ್ತಿನಲ್ಲಿ ಸದ್ದಾದರೆ ತೊಂದರೆಯಿಲ್ಲವೆಂದು ಕೇಳಿದ. ವೃದ್ಧರು ಕೋಣೆಯ ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿ, ಕೊಂಚ ಯೋಚಿಸಿ, ಐದರಿಂದ ಆರರವರೆಗೆ ಆಕೆ ಹೇಗೂ ಎದ್ದಿರುತ್ತಾಳೆ, ಹಾಗೂ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೊಂದು ಎಂದರು. ಬಳಿಕ, "ಆಕೆಗೆ ಸದ್ದು ಕೇಳಿಸದಿದ್ದರೂ ಬೇಸರವೇ, ಮೊನ್ನೆ ಎರಡು ದಿನ ನೀವು ಊರಿನಲ್ಲಿಲ್ಲದಾಗ, ಮೇಲಿನ ಆನೆ ಎಲ್ಲಿ ಹೋಯಿತೆಂದು ಕೇಳಿದಳು" ಎಂದು ಸೇರಿಸಿದರು.

ಅಂಗಡಿಯವನು ಕೊಟ್ಟ ವಿವರಪತ್ರವನ್ನು ತಾಯಿ ಹರಿಯಲಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಅದು ಇನ್ನೂ ಇದೆ. ಅದರ ಹಿಂಬದಿಯಲ್ಲಿ ಮಗಳಿಗೆ ಆರು ತುಂಬುವ ದಿನಾಂಕವನ್ನು ಪೆನ್ಸಿಲಿನಲ್ಲಿ ಗುರುತಿಸಿಟ್ಟಿದ್ದಾಳೆ. ಮುಂದಿನ ಭಾನುವಾರ ಹತ್ತು ಗಂಟೆಗೆ ಹುಡುಗ ಬಂದ. ಚಪ್ಪಲಿ ಬಿಡುವ ಮೊದಲೇ ನಡುಮನೆಯ ಹಾಸಿಗೆಯನ್ನು ಕಂಡ. ಅತ್ತೆಯ ಮುಖ ನೋಡಿದ. ಅತ್ತೆ ಫ್ಯಾನಿನ ಗುಂಡಿಯನ್ನು ಆರಿಸಿ, ಹೋಗು ಎಂಬಂತೆ ಕೈಮಾಡಿದಳು. ಇಬ್ಬರೂ ಒಟ್ಟಿಗೇ ನೆಗೆದರು.